ಗೇಲಿಗೆ ಉತ್ತರ ಕೊಡಲು ಕಡಲು ದಾಟಿದ ಜಿಂಕೆ

ಯುರೋಪಿನವರು ಅಮೆರಿಕದವರನ್ನು, ಅಮೆರಿಕದವರು ಯುರೋಪಿನವರನ್ನು ಗೇಲಿ ಮಾಡುವ ವಿಡಿಯೊಗಳನ್ನು ನಾವು ನೀವೆಲ್ಲ ಮೊಬೈಲಿನಲ್ಲಿ ನೋಡುತ್ತೇವೆ. ಈ ಕಿತ್ತಾಟ ಬಹಳ ಹಳೆಯದು. ಇದಕ್ಕಾಗಿ 1787ರಲ್ಲಿ ಸತ್ತ ಜಿಂಕೆಯೊಂದು ಹಡಗು ಹತ್ತಿ ಪ್ಯಾರಿಸ್‌ಗೆ ಹೋಗಿತ್ತು!

ಆಗ ಫ್ರಾನ್ಸಿನಲ್ಲಿ ಬುಫೋನ್ ಎಂಬ ದೊಡ್ಡ ವಿಜ್ಞಾನಿ ಇದ್ದರು. ಅಮೆರಿಕಕ್ಕೆ ಕಾಲಿಟ್ಟವರಲ್ಲ. ಆದರೂ ಅಲ್ಲಿನ ಹವೆ ಥಂಡಿ, ನೆಲ ಜೌಗು, ಹಾಗಾಗಿ ಪ್ರಾಣಿಗಳೆಲ್ಲ ಗಿಡ್ಡ, ಯುರೋಪಿನಿಂದ ಒಯ್ದ ದನ ಕುರಿಗಳೂ ಅಲ್ಲಿ ಸೊರಗುತ್ತವೆ, ಮೂಲನಿವಾಸಿಗಳಿಗೆ ಕಸುವಿಲ್ಲ ಎಂದೆಲ್ಲ ಬರೆದರು. ರೇನಾಲ್ ಎಂಬ ಇನ್ನೊಬ್ಬ ಲೇಖಕರು ಅಲ್ಲಿ ನೆಲೆಸಿದ ಬಿಳಿಯರನ್ನೂ ಬಿಡಲಿಲ್ಲ. ಆ ನೆಲದಲ್ಲಿ ಒಬ್ಬ ಒಳ್ಳೆಯ ಕವಿಯೂ ಹುಟ್ಟಿಲ್ಲ, ಗಣಿತ ಬಲ್ಲವನೂ ಹುಟ್ಟಿಲ್ಲ ಎಂದರು.

ಇದನ್ನು ನಕ್ಕು ಬಿಡುವಂತಿರಲಿಲ್ಲ. 1776ರಲ್ಲಿ ಬ್ರಿಟನ್ನಿನಿಂದ ಬಿಡುಗಡೆ ಸಾರಿಕೊಂಡಿದ್ದ ಹೊಸ ದೇಶಕ್ಕೆ ಯುರೋಪಿನ ಸಾಲ ಬೇಕು, ವ್ಯಾಪಾರ ಬೇಕು. ದನವೂ ಜನವೂ ಸೊರಗುವ ಜಾಗ ಎಂಬ ಹೆಸರು ಬಂದರೆ ಹತ್ತಿರ ಸೇರಿಸುವವರು ಯಾರು?

ಪ್ಯಾರಿಸ್ ಪಕ್ಕದಲ್ಲಿದ್ದ ಅಮೆರಿಕದ ಮುಖಂಡ ಬೆಂಜಮಿನ್ ಫ್ರಾಂಕ್ಲಿನ್ ಒಂದು ದಿನ ಊಟಕ್ಕೆ ಕರೆದಿದ್ದರು. ರೇನಾಲ್ ಅಲ್ಲೂ ಅದೇ ರಾಗ ತೆಗೆದರು. ಫ್ರಾಂಕ್ಲಿನ್ ವಾದಕ್ಕೆ ಇಳಿಯಲಿಲ್ಲ. ಎಲ್ಲರೂ ಒಮ್ಮೆ ಎದ್ದು ನಿಲ್ಲಿ, ನೋಡೇಬಿಡೋಣ ಎಂದರು. ಅಮೆರಿಕದವರೆಲ್ಲ ಎತ್ತರದ ಆಳುಗಳು, ಫ್ರೆಂಚರೆಲ್ಲ ಕುಳ್ಳರು. ರೇನಾಲ್ ಅಂತೂ ಸೀಗಡಿಯಷ್ಟೇ ಇದ್ದರು ಎಂಬಂತೆ ಥಾಮಸ್ ಜೆಫರ್ಸನ್ ಈ ಕಥೆ ಬರೆದಿಟ್ಟಿದ್ದಾರೆ.

ಫ್ರಾನ್ಸಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಇದೇ ಜೆಫರ್ಸನ್, ಎರಡೂ ಕಡೆಯ ಪ್ರಾಣಿಗಳ ತೂಕವನ್ನು ಪಟ್ಟಿ ಮಾಡಿ ವರ್ಜೀನಿಯಾ ಕುರಿತ ತಮ್ಮ ಪುಸ್ತಕದಲ್ಲಿ ಹಾಕಿದರು. ಸಾಲದೆಂದು ಸುಮಾರು 7 ಅಡಿ ಎತ್ತರದ 'ಮೂಸ್' ಎಂಬ ಜಿಂಕೆಯ ಚರ್ಮ, ಮೂಳೆಗಳನ್ನು ತರಿಸಿ ಬುಫೋನ್ ಅವರಿಗೆ ಕಳಿಸಿದರು. ದಾರಿಯಲ್ಲೇ ಕೂದಲು ಉದುರಿತ್ತು, ಜೊತೆಗಿದ್ದ ಕೊಂಬೂ ಅದರದಲ್ಲ. ಆದರೂ ಬುಫೋನ್ ತಿದ್ದಿ ಬರೆಯುತ್ತೇನೆಂದು ಒಪ್ಪಿದರು ಎನ್ನುತ್ತಾರೆ ಜೆಫರ್ಸನ್. ತಿದ್ದುವ ಮೊದಲೇ, 1788ರಲ್ಲಿ, ಬುಫೋನ್ ತೀರಿಕೊಂಡರು.

ಇಲ್ಲಿಗೆ ಕಥೆ ಮುಗಿದಿದ್ದರೆ ನಾವೂ ಜೆಫರ್ಸನ್‌ಗೆ ಶಭಾಶ್ ಎನ್ನುತ್ತಿದ್ದೆವು. ಆದರೆ ನೂರಾರು ಗುಲಾಮರನ್ನು ಇಟ್ಟುಕೊಂಡಿದ್ದ ಅವರು, ಅದೇ ಪುಸ್ತಕದಲ್ಲಿ ಕರಿಯರು ಬುದ್ಧಿಯಲ್ಲಿ ಕಡಿಮೆ ಇರಬಹುದು ಎಂದೂ ಬರೆದಿದ್ದರು. ತಮ್ಮವರ ಮೇಲೆ ಬಿದ್ದಾಗ ಸುಳ್ಳಾಗಿ ಕಂಡದ್ದು, ತಾವು ಬೇರೆಯವರ ಮೇಲೆ ಹೊರಿಸುವಾಗ ನಿಜವಾಗಿ ಕಂಡಿತು.

1791ರಲ್ಲಿ ಮೇರಿಲ್ಯಾಂಡಿನ ಬೆಂಜಮಿನ್ ಬ್ಯಾನಕರ್ ಎಂಬ ಕರಿಯ ರೈತ ಜೆಫರ್ಸನ್‌ಗೆ ಪತ್ರ ಬರೆದರು. ಎಲ್ಲರೂ ಸಮಾನರು ಎಂದು 1776ರಲ್ಲಿ ಬರೆದವರು ನೀವೇ ಅಲ್ಲವೇ ಎಂದು ನೆನಪಿಸಿದರು. ಬಹುಪಾಲು ತಾವೇ ಓದಿ ಕಲಿತು, ಸೂರ್ಯ ಚಂದ್ರರ ಲೆಕ್ಕ ಹಾಕಿ ಬರೆದ ಪಂಚಾಂಗವನ್ನೂ ಜೊತೆಗಿಟ್ಟರು. ಅದು ಅವರ ಜಿಂಕೆ.

ಜೆಫರ್ಸನ್ ಮರ್ಯಾದೆಯಿಂದಲೇ ಉತ್ತರ ಬರೆದರು, ಪಂಚಾಂಗವನ್ನು ಪ್ಯಾರಿಸ್‌ಗೂ ಕಳಿಸಿದರು. ಬುಫೋನ್‌ಗೆ ತಿದ್ದಿಕೊಳ್ಳಲು ಸಮಯ ಸಿಗಲಿಲ್ಲ. ಜೆಫರ್ಸನ್ ಆಮೇಲೆ 35 ವರ್ಷ ಬದುಕಿದ್ದರು. ಪುಸ್ತಕದ ಆ ಮಾತು ಹಾಗೇ ಉಳಿಯಿತು.