ಮಕ್ಕಳು ಬರೆದದ್ದನ್ನು ಓದುವವರು ಯಾರು?

ಹಸುವಿನ ಮೇಲೆ ಹತ್ತು ವಾಕ್ಯ ಬರೆಯದೆ ಶಾಲೆ ದಾಟಿ ಬಂದವರು ನಮ್ಮಲ್ಲಿ ವಿರಳ. ಹಸು ಸಾಧುಪ್ರಾಣಿ, ಅದಕ್ಕೆ ನಾಲ್ಕು ಕಾಲು, ಅದು ಹಾಲು ಕೊಡುತ್ತದೆ ಎಂದು ಕನ್ನಡದಲ್ಲಿಯೂ ಬರೆದಿದ್ದೇವೆ, ಇಂಗ್ಲಿಷಿನಲ್ಲಿಯೂ ಬರೆದಿದ್ದೇವೆ. ಬರೆದದ್ದನ್ನು ಓದಿದವರು ಒಬ್ಬರೇ, ನಮ್ಮ ಮೇಷ್ಟರು. ಅವರಾದರೂ ಓದಿದ್ದು ಹಸುವಿನ ವಿಚಾರ ತಿಳಿಯಬೇಕೆಂದಲ್ಲ. ತಪ್ಪು ಕಂಡಲ್ಲಿ ಕೆಂಪು ಶಾಯಿಯ ಗೆರೆ ಎಳೆಯುವುದಕ್ಕೆ. ವರ್ಷ ಮುಗಿದ ಮೇಲೆ ಆ ನೋಟುಬುಕ್ಕು ರದ್ದಿಯವನ ತಕ್ಕಡಿಗೆ ಹೋಗುತ್ತದೆ. ಕಡಲೆಕಾಯಿಯ ಪೊಟ್ಟಣ ಬಿಚ್ಚುವಾಗ ಯಾವುದೋ ಮಗುವಿನ ದುಂಡನೆಯ ಅಕ್ಷರ ಕಣ್ಣಿಗೆ ಬಿದ್ದು ನೀವೂ ಒಂದು ಗಳಿಗೆ ಓದಿರಬಹುದು. ಆ ಬರಹಕ್ಕೆ ದೊರೆತ ಎರಡನೆಯ ಓದುಗರು ನೀವೇ.

ಇದು ನಮ್ಮ ದೇಶವೊಂದರ ಕಥೆಯಲ್ಲ. ಇಂಗ್ಲೆಂಡಿನ ಶಾಲೆಗಳಲ್ಲಿ ಇಂಗ್ಲಿಷ್ ಪಾಠವೂ ಬಹುಕಾಲ ಹೀಗೆಯೇ ನಡೆಯಿತು. ಅಲ್ಲಿ ಇಂಗ್ಲಿಷ್ ಪಾಠವೆಂದರೆ ತಾಯ್ನುಡಿಯ ಪಾಠ ಎಂಬುದನ್ನು ನಾವು ಮರೆಯಬಾರದು. ಅದನ್ನು ಹೋಲಿಸಬೇಕಾದದ್ದು ನಮ್ಮ ಇಂಗ್ಲಿಷ್ ತರಗತಿಗಲ್ಲ, ಕನ್ನಡ ತರಗತಿಗೆ. ವ್ಯಾಕರಣ, ಪದವಿಭಜನೆ, ಪದ್ಯದ ಕಂಠಪಾಠ, ವಾರಕ್ಕೊಂದು ಪ್ರಬಂಧ, ಇವುಗಳಲ್ಲಿಯೇ ವರ್ಷ ಕಳೆಯುತ್ತಿತ್ತು. ಈ ಕಟ್ಟನ್ನು ಮೊದಲು ಸಡಿಲಿಸಿದವರಲ್ಲಿ ಒಬ್ಬರ ಕಥೆಯನ್ನೂ, ಮುಕ್ಕಾಲು ಶತಮಾನದ ನಂತರ ಅದೇ ದೇಶದ ಬಾನುಲಿ ಸಂಸ್ಥೆ ಮಕ್ಕಳ ಕೈಯಿಂದ ಬರೆಸಿದ ಒಂದು ಬೃಹದ್ಗ್ರಂಥದ ಕಥೆಯನ್ನೂ ನಿಮ್ಮ ಮುಂದಿಡುತ್ತೇನೆ.

ಕೇಂಬ್ರಿಜಿನಲ್ಲಿ ಪರ್ಸ್ ಶಾಲೆಯೆಂದು ಒಂದಿದೆ. 1615ರಷ್ಟು ಹಳೆಯದು. 1902ರಿಂದ 1928ರವರೆಗೆ ಅದರ ಮುಖ್ಯೋಪಾಧ್ಯಾಯರಾಗಿದ್ದವರು ಡಬ್ಲ್ಯು. ಎಚ್. ಡಿ. ರೌಸ್. ಅವರು ಹುಟ್ಟಿದ್ದು ಕಲ್ಕತ್ತೆಯಲ್ಲಿ. ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಸಂಸ್ಕೃತವನ್ನೂ ಬೋಧಿಸುತ್ತಿದ್ದರು. ಬೌದ್ಧ ಜಾತಕಕಥೆಗಳ ಇಂಗ್ಲಿಷ್ ಅನುವಾದದಲ್ಲಿ ಅವರ ಪಾಲುಂಟು. ಲ್ಯಾಟಿನ್ ಮತ್ತು ಗ್ರೀಕನ್ನು ಸತ್ತ ಭಾಷೆಗಳೆಂದು ಕಲಿಸದೆ, ಮಾತಾಡುತ್ತ ಮಾತಾಡಿಸುತ್ತ ಕಲಿಸಬೇಕೆಂಬುದು ಅವರ ಹಟ. ಸಂಸ್ಕೃತವನ್ನು ಸಂಭಾಷಣೆಯಿಂದ ಕಲಿಸಹೊರಟವರನ್ನು ಕಂಡಿರುವ ನಮಗೆ ಈ ಹಟ ಅರ್ಥವಾಗುತ್ತದೆ. ಇಂಥವರ ಶಾಲೆಗೆ 1911ರಲ್ಲಿ ಇಂಗ್ಲಿಷ್ ಉಪಾಧ್ಯಾಯನಾಗಿ ಬಂದವನು ಹೆನ್ರಿ ಕಾಲ್ಡ್‌ವೆಲ್ ಕುಕ್ ಎಂಬ ಇಪ್ಪತ್ತೈದರ ತರುಣ.

ಕುಕ್ ಮಾಡಿದ ಮೊದಲ ಕೆಲಸವೆಂದರೆ ಹುಡುಗರನ್ನು ಬೆಂಚಿನಿಂದ ಎಬ್ಬಿಸಿದ್ದು. ಷೇಕ್ಸ್‌ಪಿಯರನ ನಾಟಕ ಓದುವುದೆಂದರೆ ಎದ್ದು ನಿಂತು, ಕೈಯಲ್ಲಿ ಪುಸ್ತಕ ಹಿಡಿದು, ಹೆಗಲಿಗೊಂದು ನಿಲುವಂಗಿ ಹಾಕಿಕೊಂಡು, ಕತ್ತಿ ಝಳಪಿಸಿ ಅಭಿನಯಿಸುವುದು. ನಾಟಕ ಬರೆದವನು ಅದನ್ನು ರಂಗಕ್ಕಾಗಿ ಬರೆದನೇ ಹೊರತು ಟಿಪ್ಪಣಿಕಾರರಿಗಾಗಿ ಅಲ್ಲವಲ್ಲ! ಹಳೆಯ ಲಾವಣಿಗಳಾದರೆ ಒಬ್ಬ ಓದುವನು, ಉಳಿದವರು ಮಾತಿಲ್ಲದೆ ಬರಿಯ ಅಂಗಾಭಿನಯದಿಂದ ತೋರಿಸುವರು. ಮುಂದೆ ಇದಕ್ಕೆಂದೇ ರಂಗವೇದಿಕೆ, ಪರದೆ, ಉಡುಪುಗಳಿದ್ದ ಒಂದು ಕೊಠಡಿಯೂ ಸಿದ್ಧವಾಯಿತು. ಅದಕ್ಕೆ ‘ಮಮ್ಮರಿ’ ಎಂದು ಹೆಸರು. ನಮ್ಮ ಮಾತಿನಲ್ಲಿ ವೇಷದ ಮನೆ ಎನ್ನಬಹುದು.

ಹುಡುಗರು ಭಾಷಣವನ್ನೂ ಮಾಡಬೇಕಾಗಿತ್ತು. ವಿಷಯ ಅವರದೇ ಆಯ್ಕೆ. ಒಬ್ಬ ಹುಡುಗ ನಿಂತು ಮಾತಾಡುವಾಗ ಉಳಿದವರು ಕೇಳಿ, ಪ್ರಶ್ನೆ ಹಾಕಿ, ತಾವೇ ಅಂಕ ಕೊಡುತ್ತಿದ್ದರು. ತರಗತಿಯ ಶಿಸ್ತನ್ನೂ ಹುಡುಗರು ಆರಿಸಿದ ಅಧಿಕಾರಿಗಳೇ ನೋಡಿಕೊಳ್ಳುತ್ತಿದ್ದರು.

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಸೆಳೆದದ್ದು ದ್ವೀಪಗಳ ಪಾಠ. ಪ್ರತಿಯೊಬ್ಬ ಹುಡುಗನೂ ಒಂದು ದ್ವೀಪವನ್ನು ಕಲ್ಪಿಸಿಕೊಳ್ಳಬೇಕು. ಅದರ ನಕ್ಷೆ ಬರೆಯಬೇಕು. ಕೊಲ್ಲಿ, ಗುಡ್ಡ, ಹೊಳೆ, ಬಂದರುಗಳಿಗೆ ಹೆಸರಿಡಬೇಕು. ಅಲ್ಲಿಗೆ ಹೇಗೆ ಹೋದೆ, ಯಾರನ್ನು ಕಂಡೆ, ಏನು ನಡೆಯಿತು ಎಂದು ಬರೆದು, ಚಿತ್ರ ಹಾಕಿ, ತಾನೇ ಹೊಲಿದು ಪುಟ್ಟ ಪುಸ್ತಕ ಮಾಡಬೇಕು. ದ್ವೀಪಕ್ಕೆ ಇಂಗ್ಲಿಷಿನಲ್ಲಿರುವ ಈಗಿನ ಕಾಗುಣಿತದಲ್ಲಿ ಉಚ್ಚಾರವಿಲ್ಲದ ಒಂದು ‘ಎಸ್’ ಅಕ್ಷರವಿದೆಯಷ್ಟೆ. ಅದು ಹಿಂದಿನ ಪಂಡಿತರು ಬೇರೊಂದು ಪದದ ನಂಟು ಕಲ್ಪಿಸಿ ತುರುಕಿದ್ದು. ಕುಕ್ ಆ ಅಕ್ಷರವನ್ನು ಬಿಟ್ಟು ಹಳೆಯ ರೀತಿಯಲ್ಲಿಯೇ ‘ಐಲೊಂಡ್’ ಎಂದು ಬರೆಯುತ್ತಿದ್ದ. ಕಾಗುಣಿತದ ತಪ್ಪಿಗೆ ಪೆಟ್ಟು ತಿಂದ ಹುಡುಗರಿಗೆ ಇದರಿಂದ ಎಷ್ಟು ಸಂತೋಷವಾಗಿದ್ದೀತು!

ದ್ವೀಪದ ಪಾಠದಲ್ಲಿ ನಡೆದದ್ದೇನೆಂಬುದನ್ನು ಸ್ವಲ್ಪ ಯೋಚಿಸಿ. ಹಸುವಿನ ವಿಷಯದಲ್ಲಿ ಮೇಷ್ಟರಿಗೆ ಗೊತ್ತಿಲ್ಲದ್ದನ್ನು ಹುಡುಗ ಹೇಳಲಾರ. ದ್ವೀಪದ ವಿಷಯದಲ್ಲಿ ಹಾಗಲ್ಲ. ಅಲ್ಲಿ ತಿಳಿದವನು ಹುಡುಗ, ತಿಳಿಯದವರು ಮೇಷ್ಟರು. ಯಾವ ದಾರಿಯಲ್ಲಿ ಹೋದರೆ ಬೆಟ್ಟ ಸಿಗುತ್ತದೆಂದು ಅವನು ಸ್ಪಷ್ಟವಾಗಿ ಬರೆಯದಿದ್ದರೆ ಓದುವವನು ದಾರಿ ತಪ್ಪುತ್ತಾನೆ. ಸ್ಪಷ್ಟವಾಗಿ ಬರೆಯಬೇಕೆಂಬ ನಿಯಮ ಇಲ್ಲಿ ಅಗತ್ಯದಿಂದಲೇ ಹುಟ್ಟುತ್ತದೆ.

ಕುಕ್ ಅಷ್ಟಕ್ಕೇ ನಿಲ್ಲಲಿಲ್ಲ. ಹುಡುಗರ ಪದ್ಯ, ನಾಟಕ, ಭಾಷಣಗಳನ್ನು ಆರಿಸಿ ‘ಪರ್ಸ್ ಪ್ಲೇಬುಕ್ಸ್’ ಎಂಬ ಮಾಲೆಯಾಗಿ ಅಚ್ಚು ಹಾಕಿಸಿದ. ಕೇಂಬ್ರಿಜಿನ ಹೆಫರ್ ಎಂಬ ಪುಸ್ತಕ ವ್ಯಾಪಾರಿಗಳು ಅವನ್ನು ಮಾರಿದರು. ಹನ್ನೆರಡು ಹದಿಮೂರು ವರ್ಷದ ಹುಡುಗರ ಬರಹವನ್ನು ಅವರ ತಂದೆತಾಯಿಗಳಲ್ಲದವರೂ ದುಡ್ಡು ಕೊಟ್ಟು ಕೊಳ್ಳುವಂತಾಯಿತು. ತನ್ನ ವಿಧಾನವನ್ನೆಲ್ಲ ವಿವರಿಸಿ ಕುಕ್ ಬರೆದ ‘ದಿ ಪ್ಲೇ ವೇ’ ಎಂಬ ಪುಸ್ತಕ ಮೊದಲ ಮಹಾಯುದ್ಧ ನಡೆಯುತ್ತಿದ್ದಾಗಲೇ, 1917ರಲ್ಲಿ, ಪ್ರಕಟವಾಯಿತು.

ಹೊಗಳಿಕೆ ಇಷ್ಟು ಸಾಕು. ಪರ್ಸ್ ಆಗ ಅನುಕೂಲವಂತರ ಗಂಡುಮಕ್ಕಳ ಶಾಲೆಯಾಗಿತ್ತು. ಕುಕ್ಕನ ಬೆನ್ನಿಗೆ ರೌಸ್ ಇದ್ದರು. ರೌಸ್ 1928ರಲ್ಲಿ ನಿವೃತ್ತರಾದರು, 1933ರಲ್ಲಿ ಕುಕ್ಕನೂ ಶಾಲೆ ಬಿಟ್ಟ. ಒಬ್ಬ ವ್ಯಕ್ತಿಯ ಉತ್ಸಾಹದ ಮೇಲೆ ನಿಂತ ಪದ್ಧತಿಗೆ ಈ ಅಪಾಯ ಇದ್ದೇ ಇರುತ್ತದೆ. ಆದರೆ ಇದು ಶ್ರೀಮಂತರ ಶಾಲೆಯಲ್ಲಿ ಮಾತ್ರ ಸಾಧ್ಯವೆಂದು ನೀವು ಭಾವಿಸಬೇಡಿ. ಕುಕ್ ಕೇಂಬ್ರಿಜಿಗೆ ಬರುವುದಕ್ಕೆ ಮೊದಲೇ, ಸಸೆಕ್ಸ್ ಪ್ರಾಂತದ ಸಾಂಪ್ಟಿಂಗ್ ಎಂಬ ಹಳ್ಳಿಯ ಶಾಲೆಯಲ್ಲಿ ಹ್ಯಾರಿಯೆಟ್ ಫಿನ್ಲೇ-ಜಾನ್ಸನ್ ಎಂಬ ಮುಖ್ಯೋಪಾಧ್ಯಾಯಿನಿ ಪಾಠಗಳನ್ನೆಲ್ಲ ಮಕ್ಕಳೇ ಕಟ್ಟಿದ ನಾಟಕಗಳ ಮೂಲಕ ನಡೆಸಿದ್ದರು. ಅಲ್ಲಿ ರಂಗಸಜ್ಜಿಕೆಗೆ ಹಣವಿರಲಿಲ್ಲ, ಮಕ್ಕಳಿದ್ದರು.

ನಡುವೆ ಒಂದು ಮಾತು. ಪ್ರಸಿದ್ಧ ವಿಮರ್ಶಕ ಎಫ್. ಆರ್. ಲೀವಿಸ್ ಈ ಪರ್ಸ್ ಶಾಲೆಯಲ್ಲಿಯೇ ಓದಿದವರು. ಕೇಂಬ್ರಿಜಿನಲ್ಲಿ ಅವರ ಪ್ರಭಾವಕ್ಕೆ ಒಳಗಾದ ಸಿ. ಡಿ. ನರಸಿಂಹಯ್ಯನವರು ಆ ಬಗೆಯ ಓದನ್ನು ಮೈಸೂರಿನ ಮಹಾರಾಜಾ ಕಾಲೇಜಿಗೆ ತಂದರು. ಎಲ್ಲಿಯ ಶಾಲೆ, ಎಲ್ಲಿಯ ಮೈಸೂರು!

ಇನ್ನು ಎರಡನೆಯ ಕಥೆ. 1924ರಲ್ಲಿ ಬಿ.ಬಿ.ಸಿ. ಶಾಲೆಗಳಿಗಾಗಿ ಪ್ರಸಾರ ಆರಂಭಿಸಿತು. ಮಕ್ಕಳು ರೇಡಿಯೋ ಪೆಟ್ಟಿಗೆಯ ಮುಂದೆ ಕೈಕಟ್ಟಿ ಕುಳಿತು ಕೇಳಿದರು; ಜೊತೆಗೆ ನೋಡಲೆಂದು ಚಿತ್ರಗಳಿದ್ದ ಕಿರುಹೊತ್ತಗೆಗಳೂ ಬಂದವು. ಎಷ್ಟು ಒಳ್ಳೆಯ ಕಾರ್ಯಕ್ರಮವಾದರೂ ಮಗು ಅಲ್ಲಿ ಕೇಳುವವನೇ. ಅರವತ್ತು ವರ್ಷದ ಮೇಲೆ ಅದೇ ಸಂಸ್ಥೆ ಮಕ್ಕಳನ್ನು ‘ನೀವು ಹೇಳಿ, ನಾವು ಕೇಳುತ್ತೇವೆ’ ಎಂದು ಕರೆಯಿತು.

ಅದಕ್ಕೆ ನೆಪವಾದದ್ದು ಒಂದು ಹಳೆಯ ಪುಸ್ತಕ. ಇಂಗ್ಲೆಂಡನ್ನು ಗೆದ್ದ ವಿಲಿಯಂ ದೊರೆ 1085ರ ಕ್ರಿಸ್ಮಸ್ ಸಮಯದಲ್ಲಿ ಆಜ್ಞೆ ಮಾಡಿ, ಮರುವರ್ಷ ತನ್ನ ರಾಜ್ಯದ ಹೊಲ, ನೇಗಿಲು, ಗಿರಣಿ, ಒಕ್ಕಲುಗಳನ್ನು ಎಣಿಸಿ ಬರೆಸಿದ. ಕುರಿಯ ಚರ್ಮದ ಹಾಳೆಗಳ ಮೇಲೆ ಲ್ಯಾಟಿನ್ನಿನಲ್ಲಿ ಬರೆದ ಆ ಕಡತಕ್ಕೆ ಡೂಮ್ಸ್‌ಡೇ ಬುಕ್ ಎಂದು ಹೆಸರಾಯಿತು. ಶಾನುಭೋಗರ ಲೆಕ್ಕವನ್ನು ಬಲ್ಲ ನಮಗೆ ಇದರ ಸ್ವರೂಪ ವಿವರಿಸಬೇಕಾಗಿಲ್ಲ. 1986ಕ್ಕೆ ಅದಕ್ಕೆ ಒಂಬೈನೂರು ವರ್ಷ ತುಂಬಿತು. ಹೊಸದೊಂದು ಡೂಮ್ಸ್‌ಡೇ ತಯಾರಿಸೋಣ, ಆದರೆ ಈ ಸಲ ಬರೆಯುವವರು ದೊರೆಯ ಅಧಿಕಾರಿಗಳಾಗುವುದು ಬೇಡ, ಶಾಲೆಯ ಮಕ್ಕಳಾಗಲಿ ಎಂದು ಬಿ.ಬಿ.ಸಿ. ನಿಶ್ಚಯಿಸಿತು.

ಬ್ರಿಟನ್ನಿನ ನಕ್ಷೆಯನ್ನು ನಾಲ್ಕು ಕಿಲೋಮೀಟರು ಅಗಲ, ಮೂರು ಕಿಲೋಮೀಟರು ಎತ್ತರದ ಚೌಕಗಳಾಗಿ ಗೆರೆ ಹಾಕಿದರು. ಒಂದೊಂದು ಚೌಕವನ್ನು ಒಂದೊಂದು ಶಾಲೆಗೆ, ಶಾಲೆಯಿಲ್ಲದ ಕಡೆ ಊರಿನ ಸಂಘಗಳಿಗೆ ಹಂಚಿದರು. ಚೌಕಕ್ಕೆ ಮೂರು ಛಾಯಾಚಿತ್ರ, ಟೆಲಿವಿಷನ್ ಪರದೆಯಲ್ಲಿ ತೋರುವಂಥ ಇಪ್ಪತ್ತು ಪುಟ ಬರಹ, ಅದಕ್ಕೆ ಮೀರುವಂತಿಲ್ಲ. ಸಾವಿರ ವರ್ಷದ ಮೇಲೆ ಓದುವವರಿಗೆ ನಿಮ್ಮ ಊರಿನ ವಿಷಯ ಏನು ತಿಳಿಯಬೇಕೋ ಅದನ್ನು ಬರೆಯಿರಿ ಎಂದು ಹೇಳಿದರು. ಮಕ್ಕಳು ಬೀದಿ ಸುತ್ತಿದರು, ಅಂಗಡಿಗಳನ್ನು ಎಣಿಸಿದರು, ಮುದುಕರನ್ನು ಮಾತಾಡಿಸಿದರು. ತಮ್ಮ ದಿನಚರಿ, ಆಟ, ಊಟ, ಊರಿನವರ ಉದ್ಯೋಗ, ಎಲ್ಲವನ್ನೂ ಬರೆದರು. ಆಗ ಅಲ್ಲಿಯ ಶಾಲೆಗಳಲ್ಲಿ ‘ಬಿ.ಬಿ.ಸಿ. ಮೈಕ್ರೋ’ ಎಂಬ ಪುಟ್ಟ ಗಣಕಯಂತ್ರ ಬಳಕೆಯಲ್ಲಿತ್ತು. 1981ರಲ್ಲಿ ಹೊರಬಂದ ಯಂತ್ರ. ಅದರ ನೆನಪಿನ ಶಕ್ತಿ 32 ಕಿಲೋಬೈಟು, ಇಂದು ಕೈಯಲ್ಲಿ ಹಿಡಿಯುವ ಫೋನಿನ ಒಂದು ಚಿತ್ರವೂ ಅದರಲ್ಲಿ ಹಿಡಿಸದು. ಮಕ್ಕಳು ಅದರಲ್ಲಿ ಬೆರಳಚ್ಚು ಮಾಡಿ ಕಳುಹಿಸಿದರು. ಈ ಕಾರ್ಯದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಕೈಜೋಡಿಸಿದರೆಂದು ಲೆಕ್ಕ. ಬರಹ ಒಂದೂವರೆ ಲಕ್ಷ ಪುಟದ ಹತ್ತಿರ ಬಂತು. ಚಿತ್ರಗಳು 23 ಸಾವಿರದಷ್ಟು.

ಇಲ್ಲಿಯ ಉಪಾಯ ಕುಕ್ಕನದೇ ಎಂದು ನನಗೆ ತೋರುತ್ತದೆ. ಅವನಿಂದ ಕಲಿತರೆಂದಲ್ಲ, ದಾರಿ ಒಂದೇ ಎಂದು. ಅಲ್ಲಿ ಕಲ್ಪನೆಯ ದ್ವೀಪ, ಇಲ್ಲಿ ನಿಜವಾದ ಚೌಕ. ಎರಡರಲ್ಲಿಯೂ ಓದುವವನಿಗೆ ಗೊತ್ತಿಲ್ಲದ್ದು ಬರೆಯುವ ಮಗುವಿಗೆ ಗೊತ್ತು. ಸಾವಿರ ವರ್ಷದಾಚೆಯ ಓದುಗನಿಗೆ ‘ನಮ್ಮ ಶಾಲೆ ಚೆನ್ನಾಗಿದೆ’ ಎಂದರೆ ಏನೂ ತಿಳಿಯುವುದಿಲ್ಲ. ಗಂಟೆ ಎಷ್ಟಕ್ಕೆ ಹೊಡೆಯುತ್ತದೆ, ಮಧ್ಯಾಹ್ನ ಏನು ತಿನ್ನುತ್ತಾರೆ ಎಂದೇ ಹೇಳಬೇಕು.

ಆದರೆ ಆಮೇಲೆ ನಡೆದದ್ದು ಕೇಳಿ. ಸಂಗ್ರಹವನ್ನೆಲ್ಲ ಗ್ರಾಮಫೋನಿನ ದೊಡ್ಡ ಪ್ಲೇಟಿನಷ್ಟು ಅಗಲವಾದ ಎರಡು ಹೊಳೆಯುವ ತಟ್ಟೆಗಳಲ್ಲಿ ತುಂಬಿದರು. ಮಕ್ಕಳ ಬರಹ ಒಂದರಲ್ಲಿ, ದೇಶದ ಅಂಕಿ-ಅಂಶ ಇನ್ನೊಂದರಲ್ಲಿ. ಅವನ್ನು ಓದುವುದು ಲೇಸರ್ ಕಿರಣ. ಅದಕ್ಕೆಂದೇ ಫಿಲಿಪ್ಸ್ ಕಂಪನಿ ತಯಾರಿಸಿದ ವಿಶೇಷ ಯಂತ್ರ ಬೇಕು, ಏಕಾರ್ನ್ ಕಂಪನಿಯ ಗಣಕಯಂತ್ರ ಬೇಕು. ಎಲ್ಲ ಸೇರಿ ಬೆಲೆ ಕೆಲವು ಸಾವಿರ ಪೌಂಡು! ಅಷ್ಟು ಹಣ ಎಷ್ಟು ಶಾಲೆಗಳಲ್ಲಿದ್ದೀತು? ಬರೆದ ಮಕ್ಕಳಲ್ಲಿ ಬಹುಮಂದಿ ತಾವು ಬರೆದ ಪುಟವನ್ನು ಪರದೆಯ ಮೇಲೆ ನೋಡಲೇ ಇಲ್ಲ. ಅಂಥ ಮಗು ಮರುವರ್ಷ ಪೆನ್ನು ಹಿಡಿದಾಗ ಅದರ ಉತ್ಸಾಹ ಮೊದಲಿನಂತೆ ಇದ್ದೀತೆ? ಹಣ ಹಾಕಿದವರು, ಯಂತ್ರ ಕಟ್ಟಿದವರು, ಯಾರೂ ಮೋಸ ಮಾಡಬೇಕೆಂದು ಮಾಡಲಿಲ್ಲ. ಆದರೂ ಮಕ್ಕಳಿಗೆ ಕೊಟ್ಟ ಮಾತು ಅಷ್ಟರಮಟ್ಟಿಗೆ ತಪ್ಪಿತು. ಕುಕ್ಕನ ಹುಡುಗರಾದರೋ ತಮ್ಮ ಪುಸ್ತಕವನ್ನು ಕೈಯಲ್ಲಿ ಹಿಡಿದು ಮನೆಗೆ ಒಯ್ಯಬಹುದಾಗಿತ್ತು.

ಹದಿನೈದು ವರ್ಷ ಕಳೆಯುವುದರೊಳಗೆ ಆ ಯಂತ್ರಗಳೇ ಅಪರೂಪವಾದವು. ತಟ್ಟೆ ಇದೆ, ಓದಿಸುವ ಯಂತ್ರ ಕೆಟ್ಟಿದೆ, ಬಿಡಿಭಾಗ ಸಿಗುವುದಿಲ್ಲ. ಸಾವಿರ ವರ್ಷಕ್ಕೆಂದು ಬರೆಸಿದ್ದು ಬರೆದ ಮಕ್ಕಳು ಮದುವೆಯಾಗುವ ಹೊತ್ತಿಗೆ ಮೂಕವಾಗುವುದರಲ್ಲಿತ್ತು. ಆಗ ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾನಿಲಯಗಳ ವಿದ್ವಾಂಸರು ಸೇರಿ, ಹೊಸ ಗಣಕಯಂತ್ರಕ್ಕೆ ಹಳೆಯದರ ವೇಷ ತೊಡಿಸುವಂಥ ಒಂದು ಉಪಾಯ ಹೂಡಿದರು. ವೇಷಧಾರಿಯನ್ನು ಹಳೆಯ ಯಂತ್ರವೆಂದೇ ನಂಬಿ ತಟ್ಟೆಯ ವಿಷಯ ಮಾತಾಡತೊಡಗಿತು. 2002ರಲ್ಲಿ ಇದನ್ನು ಮಾಡಿ ತೋರಿಸಿದರು. ಇನ್ನೊಂದು ಕಡೆ, ತಟ್ಟೆಗಳನ್ನು ತಯಾರಿಸುವಾಗ ಬಳಸಿದ್ದ ಮೂಲ ಟೇಪುಗಳು ಉಳಿದಿದ್ದವು. ಅವುಗಳಿಂದ ಚಿತ್ರಗಳನ್ನು ಇನ್ನೂ ಚೆನ್ನಾಗಿ ಎತ್ತಿಕೊಂಡರು. ಹಳೆಯ ಯಂತ್ರವೇ ನಡೆಯುವುದನ್ನು ಕಣ್ಣಾರೆ ನೋಡಬೇಕೆನ್ನುವವರಿಗಾಗಿ ಬ್ಲೆಚ್ಲಿ ಪಾರ್ಕಿನ ಗಣಕಯಂತ್ರಗಳ ವಸ್ತುಸಂಗ್ರಹಾಲಯದವರು ಒಂದನ್ನು ದುರಸ್ತಿ ಮಾಡಿ ಇಟ್ಟರು.

2011ರಲ್ಲಿ ಬಿ.ಬಿ.ಸಿ. ಮಕ್ಕಳ ಪುಟಗಳನ್ನು ಅಂತರ್ಜಾಲದಲ್ಲಿ ಹಾಕಿತು. ನಕ್ಷೆಯ ಮೇಲೆ ಚೌಕ ಹುಡುಕಿ ಯಾರು ಬೇಕಾದರೂ ಓದಬಹುದಾಯಿತು. ಅದೇ ಚೌಕದ ವಿಷಯ ಈಗ ಹೇಗಿದೆಯೆಂದು ಹೊಸದಾಗಿ ಬರೆಯಲು, ಅದೇ ಜಾಗದಲ್ಲಿ ನಿಂತು ಹೊಸ ಚಿತ್ರ ತೆಗೆದು ಕಳುಹಿಸಲು ಸಾರ್ವಜನಿಕರನ್ನು ಕರೆದರು. 1986ರಲ್ಲಿ ಹತ್ತು ವರ್ಷದವಳಾಗಿದ್ದ ಹುಡುಗಿಗೆ ಆಗ ಮೂವತ್ತೈದು. ತನ್ನ ಬರಹವನ್ನು ತನ್ನ ಮಗುವಿಗೆ ಓದಿ ಹೇಳುವ ವಯಸ್ಸು.

ಆ ತಾಣವೂ 2018ರಲ್ಲಿ ಮುಚ್ಚಿತು. ಅದರ ಪ್ರತಿಯನ್ನು ಬ್ರಿಟನ್ನಿನ ರಾಷ್ಟ್ರೀಯ ದಫ್ತರಖಾನೆ ತನ್ನ ವಶಕ್ಕೆ ತೆಗೆದುಕೊಂಡಿತು. 1086ರ ಕುರಿಚರ್ಮದ ಕಡತವನ್ನು ಕಾಪಾಡುತ್ತಿರುವುದೂ ಲಂಡನ್ನಿನ ಕ್ಯೂ ಎಂಬಲ್ಲಿರುವ ಅದೇ ದಫ್ತರಖಾನೆ. ಅದನ್ನು ಓದುವುದಕ್ಕೆ ಲ್ಯಾಟಿನ್ ಬಂದರೆ ಸಾಕು, ಯಂತ್ರವೇನೂ ಬೇಡ.