ಹಂದಿಗೋಡು: ಏಡಿಯಿಂದ ವಂಶವೃಕ್ಷದವರೆಗೆ

ಮಳೆಗಾಲದ ಗದ್ದೆಯಲ್ಲಿ ಸಿಗುವ ಏಡಿ ಮಲೆನಾಡಿನ ಬಡವರಿಗೆ ಕಾಸು ಖರ್ಚಿಲ್ಲದ ಊಟ. 1970ರ ದಶಕದಲ್ಲಿ ಈ ಏಡಿಯ ಮೇಲೆಯೇ ಒಂದು ದೊಡ್ಡ ಗುಮಾನಿ ಬಂತು.

ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ ಆ ದಶಕದ ಮಧ್ಯಭಾಗದಲ್ಲಿ ವಿಚಿತ್ರ ಕಾಯಿಲೆಯೊಂದು ಹೊರಜಗತ್ತಿನ ಗಮನಕ್ಕೆ ಬಂದಿತು. ಮೊದಲು ಸೊಂಟ, ಮೊಣಕಾಲುಗಳಲ್ಲಿ ನೋವು; ನಂತರ ಓಲಾಡುವ ನಡಿಗೆ; ಕಾಯಿಲೆ ಬಲಿತಂತೆ ಕೋಲಿನ ಆಸರೆ. ಕೆಲವರ ಬೆಳವಣಿಗೆಯೇ ಕುಂಠಿತವಾಗಿ ಕುಳ್ಳಾಗಿಯೇ ಉಳಿದರು. ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿಯೂ ಇಂಥ ರೋಗಿಗಳು ಪತ್ತೆಯಾದರು. ಹೆಚ್ಚಿನವರು ಚಲವಾದಿ ಮತ್ತು ಚನ್ನಂಗಿ ಸಮುದಾಯಗಳಿಗೆ ಸೇರಿದ ಕೂಲಿಕಾರರು. ನಾಟಿ, ಕೊಯ್ಲಿಗೆ ಬಗ್ಗಬೇಕಾದ ಸೊಂಟವೇ ಕೈಕೊಟ್ಟರೆ ಅವರ ಮನೆಯ ಒಲೆ ಉರಿಯುವುದು ಹೇಗೆ?

ಗದ್ದೆಗಳಿಗೆ ಕೀಟನಾಶಕ ಸಿಂಪಡಿಸುವ ರೂಢಿ ಆಗ ಬೆಳೆಯುತ್ತಿತ್ತು. ವಿಷ ಸೇರಿದ ಏಡಿಯನ್ನು ತಿಂದದ್ದೇ ಕಾರಣವೆಂಬ ಊಹೆ ಹುಟ್ಟಿತು. ಆದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಆರ್.ವಿ. ಭಟ್ ಮತ್ತು ಕೆ.ಎ.ವಿ.ಆರ್. ಕೃಷ್ಣಮಾಚಾರಿ 1977ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಕುಟುಂಬಗಳಲ್ಲಿ ಕಾಣಿಸಿಕೊಳ್ಳುವ ಮಲೆನಾಡಿನ ಸಂಧಿರೋಗವೆಂದು ಹೆಸರಿಸಿತು.

ಮುಂದಿನ ಹೆಜ್ಜೆ ಇಟ್ಟವರು ತಳಿವಿಜ್ಞಾನಿ ಶ್ಯಾಮ್ ಸ್ವರೂಪ್ ಅಗರ್ವಾಲ್. 1986ರ ಭಟ್ನಾಗರ್ ಪ್ರಶಸ್ತಿ ಪಡೆದ ಅವರು ಲಖನೌದ ಸಂಜಯ್ ಗಾಂಧಿ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯಲ್ಲಿದ್ದರು. ರೋಗಿಗಳ ಎಕ್ಸ್-ರೇಗಳನ್ನು ಆಧರಿಸಿ ಅವರ ತಂಡ 1994ರಲ್ಲಿ ಪ್ರಬಂಧ ಪ್ರಕಟಿಸಿತು. ಇದು ಬೆನ್ನುಮೂಳೆ ಮತ್ತು ಉದ್ದ ಮೂಳೆಗಳ ತುದಿಗಳು ಸರಿಯಾಗಿ ರೂಪುಗೊಳ್ಳದ, ವಂಶಪಾರಂಪರ್ಯವಾಗಿ ಬರುವ ರೋಗದ ಹೊಸ ಬಗೆ ಎಂಬುದು ಅವರ ನಿರ್ಣಯ. ಮೂಳೆಯ ತುದಿ ಸಪಾಟಾದರೆ ಕೀಲು ಬೇಗ ಸವೆಯುತ್ತದೆ. ನೋವಿನ ಮೂಲ ಅಲ್ಲಿದೆ.

ದೋಷವಿರುವ ಜೀನಿನ ಒಂದು ಪ್ರತಿ ತಂದೆ ಅಥವಾ ತಾಯಿಯಿಂದ ಬಂದರೂ ರೋಗಕ್ಕೆ ಸಾಕು. ಪೋಷಕರಲ್ಲಿ ಒಬ್ಬರಿಗೆ ರೋಗವಿದ್ದರೆ ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಅರ್ಧದಷ್ಟು. ಒಂದೇ ಊರಿನಲ್ಲಿದ್ದೂ ಕೆಲವು ಮನೆತನಗಳನ್ನು ಮಾತ್ರ ಕಾಯಿಲೆ ಹಿಡಿದದ್ದೇಕೆ ಎಂಬ ಒಗಟು ಇದರಿಂದ ಬಿಡಿಸಿಕೊಂಡಿತು. ದಕ್ಷಿಣ ಆಫ್ರಿಕಾದ ಮ್ಸೆಲೆನಿಯಲ್ಲಿಯೂ ಹೀಗೆ ಕೀಲುಗಳನ್ನು ಕಾಡುವ ರೋಗವಿದೆ. ಅಗರ್ವಾಲ್ ಮತ್ತು ಅಲ್ಲಿಯ ವೈದ್ಯರು 1997ರಲ್ಲಿ ಇವೆರಡನ್ನೂ ಹೋಲಿಸಿ ನೋಡಿದರು.

ಈ ಸಂಶೋಧನೆಯಿಂದ ಔಷಧಿ ಸಿಗಲಿಲ್ಲ. ಹುಟ್ಟಿನಿಂದಲೇ ಬಂದ ಮೂಳೆಯ ದೋಷವನ್ನು ಗುಳಿಗೆ ಅಳಿಸಲಾರದು. ನೋವಿಗೆ ಉಪಶಮನ, ವ್ಯಾಯಾಮ, ತೀರಾ ಸವೆದ ಸೊಂಟದ ಕೀಲಿಗೆ ಬದಲಿ ಕೀಲು - ಇಷ್ಟೇ ದಾರಿ. ಆದರೂ ಅದರಿಂದ ಒಂದು ದೊಡ್ಡ ಉಪಕಾರವಾಯಿತು: ನಡೆಯಲಾರದವರ ಸ್ಥಿತಿಗೆ ಅವರ ತಟ್ಟೆಯಲ್ಲಿದ್ದ ಊಟ ಕಾರಣವಲ್ಲವೆಂದು ಖಚಿತವಾಗಿ ಹೇಳಲು ಸಾಧ್ಯವಾಯಿತು. ಊರಿನ ಹೆಸರು ರೋಗಕ್ಕೆ ಅಂಟಿಕೊಂಡಿತು ನಿಜ. ಆದರೆ ರೋಗ ಊರಿನದಲ್ಲ, ತಲೆಮಾರುಗಳಿಂದ ಹರಿದುಬಂದದ್ದು. ಆ ಮನೆಗಳಿಗೆ ಬೇಕಾದದ್ದು ದೂರುವ ಬೆರಳಲ್ಲ, ಆಸ್ಪತ್ರೆಯ ದಾರಿ ಮತ್ತು ಕೂತು ಮಾಡಬಹುದಾದ ಕೆಲಸ.