ಅಲೆಕ್ಸಾಂಡರನ ಓರೆಗೊರಲು

ಅರಸನಂತೆ ಪ್ರಜೆಯೆಂಬುದು ನಮ್ಮಲ್ಲಿ ಹಳೆಯ ನಾಣ್ನುಡಿ. ಆದರೆ ಅರಸನ ಯಾವ ಗುಣವು ಪರಿವಾರಕ್ಕೆ ಇಳಿಯುವುದು, ಯಾವುದು ಅವನೊಡನೆಯೇ ಅಳಿಯುವುದು ಎಂಬುದನ್ನು ಆ ನುಡಿಯು ಹೇಳದು. ಗ್ರೀಕ್ ಗ್ರಂಥಕರ್ತನಾದ ಪ್ಲುಟಾರ್ಕನು ಈ ವಿಷಯದಲ್ಲಿ ಒಂದು ಸಣ್ಣ ಸಂಗತಿಯನ್ನು ಬರೆದಿಟ್ಟಿರುವನು. ಮೆಸಿಡೋನಿಯದ ಅಲೆಕ್ಸಾಂಡರನ ಕೊರಳು ತುಸು ಎಡಕ್ಕೆ ವಾಲಿತ್ತಂತೆ. ಮುಂದೆ ಅವನ ಗೆಳೆಯರೂ ಉತ್ತರಾಧಿಕಾರಿಗಳೂ ಈ ಓರೆಗೊರಲನ್ನೇ ಅನುಕರಿಸಲೆಳಸಿದರಂತೆ.

ಸೇನೆಯು ಅವನನ್ನು ಮೆಚ್ಚಿದುದಾದರೋ ಕೊರಳನ್ನು ಕಂಡಲ್ಲ. ಮಾಲವರ ಕೋಟೆಯನ್ನು ಮುತ್ತಿದಾಗ, ಸೈನಿಕರು ತಡಮಾಡಿದರೆಂದು ತಾನೇ ಏಣಿಯೇರಿ ಕೋಟೆಯೊಳಕ್ಕೆ ಧುಮುಕಿದನು. ಹಿಂದೆ ನುಗ್ಗಿದವರ ಭಾರಕ್ಕೆ ಏಣಿಗಳು ಮುರಿದುವು. ಬಾಣವೊಂದು ಎದೆಯಲ್ಲಿ ನಾಟಿತು. ಪ್ಯೂಕೆಸ್ತಾಸನೆಂಬವನು ಗುರಾಣಿಯನ್ನು ಅಡ್ಡಹಿಡಿದು ಕಾಪಾಡಿದನು. ಸೇನಾಪತಿಗೆ ಇದು ತಕ್ಕ ಕೆಲಸವಲ್ಲವೆಂದು ಗೆಳೆಯರು ಆಕ್ಷೇಪಿಸಿದಾಗ ಅವನಿಗೆ ಬೇಸರವಾಯಿತೆಂದು ಅರಿಯನನು ಬರೆದಿದ್ದಾನೆ. ಗೆಳೆಯರ ಮಾತೇ ಸರಿಯೆಂದು ನಮಗೆ ತೋರುತ್ತದೆ. ಆದರೂ, ಸತ್ತನೆಂದು ನಂಬಿದ್ದ ದೊರೆಯು ಕುದುರೆಯೇರಿ ಕಾಣಿಸಿಕೊಂಡಾಗ ದಂಡಿಗೆ ದಂಡೇ ಹರ್ಷದಿಂದ ಘೋಷಿಸಿತು. ಕ್ರಿ. ಪೂ. 325ರಲ್ಲಿ ಗೆದ್ರೋಸಿಯದ, ಎಂದರೆ ಈಗಿನ ಬಲೂಚಿಸ್ಥಾನದ, ಮರಳುಗಾಡಿನಲ್ಲಿ ಸೇನೆಯು ಬಾಯಾರಿ ಬಳಲುತ್ತಿದ್ದಾಗ ಕೆಲವರು ಶಿರಸ್ತ್ರಾಣದಲ್ಲಿ ಅವನೊಬ್ಬನಿಗೆ ನೀರು ತಂದರು. ಅವನು ಅದನ್ನು ಎಲ್ಲರೆದುರಿಗೆ ನೆಲಕ್ಕೆ ಚೆಲ್ಲಿದನು. ತಾವೇ ಕುಡಿದಷ್ಟು ಸೈನಿಕರು ಚೇತರಿಸಿಕೊಂಡರಂತೆ. ಅವರನ್ನು ಆ ಮರಳಿಗೆ ನಡೆಸಿ ತಂದವನೂ ಅವನೇ ಎಂಬುದು ಬೇರೆ ಮಾತು.

ಈ ವಶೀಕರಣಕ್ಕೂ ಮೇರೆಯಿತ್ತು. 326ರಲ್ಲಿ ವಿಪಾಶಾ ನದಿಯ ದಡದಲ್ಲಿ ಸೇನೆಯು ಮುಂದಡಿಯಿಡಲೊಲ್ಲದೆ ನಿಂತಿತು; ದೊರೆಯು ಡೇರೆಯೊಳಗೆ ಮುನಿದು ಕುಳಿತರೂ ಮಣಿಯಲಿಲ್ಲ. ದುರ್ಗುಣದ ಪ್ರಭಾವವಾದರೋ ಇನ್ನೂ ಸುಲಭವಾಗಿ ಹರಡಿತು. 328ರಲ್ಲಿ ಮದ್ಯದ ಮತ್ತಿನಲ್ಲಿ ತನ್ನ ಪ್ರಾಣವನ್ನು ಹಿಂದೆ ಉಳಿಸಿದ್ದ ಕ್ಲೀಟಸನನ್ನು ಇರಿದು ಕೊಂದು, ಪಶ್ಚಾತ್ತಾಪದಿಂದ ಹೊರಳಾಡುತ್ತಿದ್ದಾಗ, ಅನಾಕ್ಸಾರ್ಕಸನೆಂಬ ತತ್ತ್ವಜ್ಞನು ಬಂದು ಅರಸನು ಮಾಡಿದುದೆಲ್ಲವೂ ನ್ಯಾಯವೇ ಎಂದು ಸಮಾಧಾನ ಹೇಳಿದನು. ಅಲೆಕ್ಸಾಂಡರನಿಗಾದರೂ ಅಳು ಬಂದಿತ್ತು. ಪರಿವಾರದವನಿಗೆ ಅದೂ ಬರಲಿಲ್ಲ!

ಕ್ರಿ. ಪೂ. 323ರಲ್ಲಿ ದೊರೆಯು ಬಾಬಿಲೋನಿನಲ್ಲಿ ತೀರಿಕೊಂಡನು. ಉಳಿದ ಅರಸರು ಕೆಂಪಂಗಿ, ಅಂಗರಕ್ಷಕರು, ಓರೆಗೊರಲು, ಗಟ್ಟಿಮಾತು ಇವುಗಳಲ್ಲಿ ಅಲೆಕ್ಸಾಂಡರನನ್ನು ಹೋಲುತ್ತಿದ್ದರೆಂದೂ, ಆಯುಧ ಹಿಡಿದ ಕೈಯಲ್ಲಿ ಎಪೈರಸಿನ ಪಿರ್ಹಸನೊಬ್ಬನೇ ಹೋಲುತ್ತಿದ್ದನೆಂದೂ ಜನರು ಆಡಿಕೊಂಡರಂತೆ. ಯೂಮೆನೀಸನು ಮಾತ್ರ ಜಾಣ. ಗ್ರೀಕನಾದ ತನ್ನ ಅಪ್ಪಣೆಗೆ ಮೆಸಿಡೋನಿಯದ ನಾಯಕರು ತಲೆಬಾಗರೆಂದು ತಿಳಿದು, ಅಲೆಕ್ಸಾಂಡರನು ಕನಸಿನಲ್ಲಿ ಬಂದನೆಂದು ಹೇಳಿ, ಡೇರೆಯೊಂದರಲ್ಲಿ ಬರಿಯ ಸಿಂಹಾಸನವನ್ನಿರಿಸಿ, ಅದರ ಮೇಲೆ ಕಿರೀಟ ರಾಜದಂಡಗಳನ್ನಿಟ್ಟನು. ನಾಯಕರು ಬಂದು ಧೂಪವಿಕ್ಕಿ, ಆ ಶೂನ್ಯಪೀಠದೆದುರು ಕುಳಿತು ಆಲೋಚನೆ ನಡೆಸಿದರು. ಎರಡು ಮೂರು ವರ್ಷಗಳೊಳಗೆ ಅಲೆಕ್ಸಾಂಡರನ ಆ ಹಳೆಯ ಯೋಧರೇ, ಶತ್ರುವಿನ ಕೈಸೇರಿದ್ದ ತಮ್ಮ ಸಾಮಾನು ಸರಂಜಾಮುಗಳನ್ನು ಬಿಡಿಸಿಕೊಳ್ಳುವ ಸಲುವಾಗಿ, ಯೂಮೆನೀಸನನ್ನು ಕಟ್ಟಿ ಆಂಟಿಗೋನಸನಿಗೆ ಒಪ್ಪಿಸಿದರು.